ಹೊಲಕ್ಕೆ ಹೋಗುವ ದಿನ

ಚಿಕ್ಕೋಡಿ ಸೀಮೆಯ ರೈತರ ಮನೆಯಲ್ಲಿ ಯಾರೂ "ನಿಸರ್ಗ ಸೌಂದರ್ಯ ಸವಿಯಲು ಹೋಗಿದ್ದೆವು" ಎಂದು ಹೇಳುವುದಿಲ್ಲ. "ಹೊಲಕ್ಕ ಹೋಗಿದ್ದಿವ್ರಿ" ಎನ್ನುತ್ತಾರೆ. ಆ ಮಾತಿಗೆ ಎರಡು ಅರ್ಥಗಳಿವೆ. ದಿನನಿತ್ಯದ ಅರ್ಥ ದುಡಿಮೆಯದು: ಕಳೆ, ಕುಂಟಿ, ನೀರು, ರಾಶಿ. ಇನ್ನೊಂದು ಅರ್ಥ ವರ್ಷದಲ್ಲಿ ನಾಲ್ಕಾರು ದಿನಗಳಿಗೆ ಮಾತ್ರ ಸಲ್ಲುವಂಥದು. ಆ ದಿನ ಮನೆಗೆ ಕೀಲಿ ಹಾಕಿ, ಹಣ್ಣು ಮುದುಕರಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಎಲ್ಲರೂ ಒಂದೇ ಚಕ್ಕಡಿಯಲ್ಲಿ ಕೂತು ಹೋಗುತ್ತಿದ್ದರು. ಹೋಗಿ ಮಾಡುವ ಕೆಲಸವೇನು? ಪೂಜೆ ಅರ್ಧ ತಾಸು, ಊಟ ಒಂದು ತಾಸು. ಉಳಿದ ಹೊತ್ತೆಲ್ಲ ಬೆಳೆಯ ನಡುವೆ ಸುಮ್ಮನೆ ಅಡ್ಡಾಡುವುದು, ಗಿಡದ ನೆರಳಿಗೆ ಅಡ್ಡಾಗುವುದು, ಹಕ್ಕಿ ನೋಡುವುದು, ಹೊತ್ತು ಇಳಿದ ಮೇಲೆ ಹೊರಳುವುದು.

ಈ ಎರಡನೆಯ ಅರ್ಥಕ್ಕೂ ಒಂದು ಚರಿತ್ರೆ ಇದೆಯೆಂದು ನಮಗೆ ಸಾಮಾನ್ಯವಾಗಿ ಹೊಳೆಯುವುದಿಲ್ಲ. ರಾಜರ ಚರಿತ್ರೆ ಕಲ್ಲಿನ ಮೇಲಿದೆ. ಇನಾಮದಾರರ ಚರಿತ್ರೆ ದಫ್ತರಗಳಲ್ಲಿದೆ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋದವರ ಚರಿತ್ರೆ ಮಾತ್ರ ಪಂಚಾಂಗದಲ್ಲಿ, ಅಡಿಗೆಮನೆಯಲ್ಲಿ, ನೆಲದ ಗುಣದಲ್ಲಿ ಹಂಚಿಹೋಗಿದೆ. ಅದನ್ನು ಕೂಡಿಸಿ ನೋಡಬೇಕು.

ಏಕಸಂಬಿಯನ್ನೇ ತೆಗೆದುಕೊಳ್ಳೋಣ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲೂಕಿನ ಈ ಊರು ದೂಧಗಂಗೆಯ ದಂಡೆಯ ಮೇಲಿದೆ. ಸೇತುವೆ ದಾಟಿದರೆ ದಾನವಾಡ, ಅದು ಮಹಾರಾಷ್ಟ್ರ. ಊರಿನ ಹಳೆಯ ಹೆಸರು ಎಕ್ಕಸಂಬುಗೆ. ಕೊಲ್ಲಾಪುರದ ಶಿಲಾಹಾರ ವಿಜಯಾದಿತ್ಯನ ಸೇನಾಪತಿ ಕಾಳಣನು ಇಲ್ಲಿ ನೇಮಿನಾಥನ ಬಸದಿಯನ್ನು ಕಟ್ಟಿಸಿದ ಸಂಗತಿ 1165ರ ಶಾಸನದಲ್ಲಿದೆ. ಬಸದಿಯ ಸುದ್ದಿ ಕೇಳಿ ರಟ್ಟರ ಕಾರ್ತವೀರ್ಯನು ತಾನೇ ಇಲ್ಲಿಗೆ ಬಂದು, ನಮಸ್ಕರಿಸಿ, ಯಾಪನೀಯ ಸಂಘದ ಗುರು ವಿಜಯಕೀರ್ತಿಗೆ ದಾನ ಕೊಟ್ಟನಂತೆ. ಈ ಯಾಪನೀಯರು ಯಾರೆಂಬುದನ್ನು ಕುರಿತು ಮುಖ್ಯವಾದ ಲೇಖನಗಳನ್ನು ಬರೆದ ಡಾ. ಆ. ನೇ. ಉಪಾಧ್ಯೆಯವರು ಹುಟ್ಟಿದ್ದು 1906ರಲ್ಲಿ, ಏಕಸಂಬಿಯ ನೆರೆಯ ಸದಲಗಾದಲ್ಲಿ. ಎಂಟುನೂರ ಅರವತ್ತು ವರ್ಷಗಳ ಹಿಂದೆಯೇ ಅರಸನೊಬ್ಬ ಹುಡುಕಿಕೊಂಡು ಬರುವಷ್ಟು ತುಂಬಿದ ಊರು ಇದಾಗಿತ್ತೆಂದರೆ ಅದಕ್ಕೆ ಕಾರಣ ಹೊಳೆ ಮತ್ತು ಎರೆನೆಲ. ಬಸದಿ ಕಟ್ಟಿಸಿದವನು ಸೇನಾಪತಿ ನಿಜ; ದಾನ ನಡೆಯಬೇಕಾದರೆ ನೆಲ ಬೆಳೆಯಬೇಕಲ್ಲವೇ?

ಹೊಳೆಯ ಸಂಗತಿ ವಿಚಿತ್ರವಾದದ್ದು. ದೂಧಗಂಗೆ ಸಹ್ಯಾದ್ರಿಯಲ್ಲಿ ಹುಟ್ಟಿ, ವೇದಗಂಗೆಯನ್ನು ಕೂಡಿಸಿಕೊಂಡು, ಏಕಸಂಬಿಯನ್ನು ಹಾದು ಕಲ್ಲೋಳದ ಬಳಿ ಕೃಷ್ಣೆಯನ್ನು ಸೇರುತ್ತದೆ. ಮಳೆ ಸುರಿಯುವುದು ಘಟ್ಟದ ಮೇಲೆ. ಪೂರ್ವಕ್ಕೆ ಸರಿದ ಹಾಗೆಲ್ಲ, ರಾಯಬಾಗ ಅಥಣಿಗಳ ಕಡೆಗೆ ಹೋದ ಹಾಗೆಲ್ಲ, ಮಳೆ ಕಡಿಮೆಯಾಗುತ್ತ ಹೋಗುತ್ತದೆ. ಆದ್ದರಿಂದ ನಮ್ಮಲ್ಲಿ ಹೊಲ ಒಣಗಿ ಬಾಯಿಬಿಟ್ಟ ದಿನವೇ ಹೊಳೆ ದಂಡೆ ತುಂಬಿ ಹರಿಯುವುದುಂಟು. ಮಳೆ ಅವರದು, ಹೊಳೆ ನಮ್ಮದು. ಆಕಾಶವನ್ನು ನೋಡಿ ಬಿತ್ತುವವನೂ ಹೊಳೆಯನ್ನು ನೋಡಿ ಬಾಳುವವನೂ ಒಂದೇ ಊರಿನಲ್ಲಿದ್ದರು. ಇದರಿಂದಾಗಿ ಋತುವನ್ನು ಗಮನಿಸುವುದು ನಮ್ಮ ಹಿರಿಯರಿಗೆ ಹವ್ಯಾಸವಾಗಿರಲಿಲ್ಲ, ಹೊಟ್ಟೆಯ ಪ್ರಶ್ನೆಯಾಗಿತ್ತು. ಆ ಗಮನದೊಳಗೇ ಸಂತೋಷದ ದಿನಗಳನ್ನೂ ಅವರು ಹೆಣೆದಿಟ್ಟರು.

ಆ ಹೆಣಿಗೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ಜೂನ್ ಮೊದಲ ವಾರ ಕಳೆಯುತ್ತಲೂ ಮೃಗಶಿರಾ, ನಮ್ಮವರ ಬಾಯಲ್ಲಿ 'ಮಿರಗ', ಕೂಡುತ್ತದೆ. ಮುಂಗಾರಿ ಬಿತ್ತಿಗೆಯ ಗಡಿಬಿಡಿ. ಅದೇ ಜ್ಯೇಷ್ಠದಲ್ಲಿ ಕಾರಹುಣ್ಣಿಮೆ. ಎತ್ತಿನ ಮೈತೊಳೆದು, ಕೋಡಿಗೆ ಬಣ್ಣ ಹಚ್ಚಿ, ಊರ ಅಗಸಿಯಲ್ಲಿ ಕರಿ ಹರಿಯುವುದು. ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಅಂದು ಮಕ್ಕಳ ಕೈಗೆ ಕೆರೆಯ ದಂಡೆಯ ಜಿಗಿಮಣ್ಣು ಬರುತ್ತದೆ. ಮಗು ತನ್ನ ಹೊಲದ ಮಣ್ಣನ್ನು ಮೊದಲು ಮುಟ್ಟುವುದು ಎತ್ತಿನ ಆಕಾರದಲ್ಲಿ! ಶಾಲೆಯಲ್ಲಿ ಭೂಗೋಳ ಕಲಿಯುವುದಕ್ಕಿಂತ ಮೊದಲು ಕಲಿತ ಭೂಗೋಳ ಅದು. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ. ಹುಡುಗಿಯರು ಮಣ್ಣಿನ ಗುಳ್ಳವ್ವನನ್ನು ಮಾಡಿ, ಗುಲಗಂಜಿ ಕುಸುಬಿ ಕಾಳು ಸಿಗಿಸಿ ಸಿಂಗರಿಸಿ, ಕೊನೆಯ ವಾರ ಊರ ಹೊರಗಿನ ಹೊಲಕ್ಕೆ ಒಯ್ದು ಬುತ್ತಿ ಉಂಡು ಬರುವುದು. ತಮ್ಮಷ್ಟಕ್ಕೆ ತಾವೇ ಊರ ಹೊರಗೆ ಹೋಗಿ ಕೂಡುವ ಸ್ವಾತಂತ್ರ್ಯ ಆ ಹುಡುಗಿಯರಿಗೆ ವರ್ಷದಲ್ಲಿ ಎಷ್ಟು ಸಲ ಇತ್ತು ಎಂದು ಲೆಕ್ಕ ಹಾಕಿದರೆ ಗುಳ್ಳವ್ವನ ಮಹತ್ವ ತಿಳಿದೀತು.

ಶ್ರಾವಣ ಬಂತೆಂದರೆ ಪಂಚಮಿ. ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಬೇವು, ಹುಣಸೆ ಗಿಡಗಳ ದೊಡ್ಡ ಟೊಂಗೆಗಳಿಗೆ ಜೋಕಾಲಿ ಬೀಳುತ್ತವೆ. ಜೋಳದ ಅಳ್ಳು, ತಂಬಿಟ್ಟು, ಶೇಂಗಾ ಉಂಡಿ ಕಟ್ಟಿಕೊಂಡು ಒಬ್ಬರ ಮನೆಯಿಂದ ಒಬ್ಬರ ಮನೆಗೆ ಹರಿದಾಟ. ಜೋಕಾಲಿಯ ಮೇಲೆ ನಿಂತು ಜೀಕಿದಾಗ, ಗೋಡೆಯಾಚೆಯ ಹೊಳೆಯ ಕೆಂಪು ನೀರು, ಆಳೆತ್ತರಕ್ಕೇರುತ್ತಿರುವ ಬೆಳೆ ಒಂದು ಕ್ಷಣ ಕಂಡು ಮರೆಯಾಗುತ್ತಿತ್ತು. ಇದೇ ಕಾಲಕ್ಕೆ ಹೊಳೆ ತುಂಬಿ ಬರುತ್ತದೆ. ತುಂಬಿದ ಹೊಳೆ ತುಂಬಿದ ಬಸುರಿಗೆ ಸಮಾನ. ಆದ್ದರಿಂದ ಹೆಂಗಸರು ಹೊಳೆಗೆ ಹೋಗಿ ಕುಬುಸ, ಕುಂಕುಮ, ಹಣ್ಣು ಕಾಯಿಗಳಿಂದ ಉಡಿ ತುಂಬುತ್ತಾರೆ. ಹೊಳೆ ನೋಡುವುದಕ್ಕೆಂದೇ ಮನೆಮಂದಿ ಹೊರಡುವ ದಿನ ಇದು.

ಜೈನ ಒಕ್ಕಲಿಗರು ಬಹಳವಾಗಿರುವ ಸೀಮೆ ಇದು. ಅವರ ಮನೆಗಳಲ್ಲಿ ಮಳೆಗಾಲಕ್ಕೆ ಮತ್ತೊಂದು ಮುಖವಿದೆ. ಮುನಿಗಳು ಚಾತುರ್ಮಾಸದ ನಾಲ್ಕು ತಿಂಗಳು ಒಂದೇ ಊರಿನಲ್ಲಿ ನಿಲ್ಲುತ್ತಾರೆ. ನೆಲದ ಮೇಲೆ ಜೀವರಾಶಿ ಹೆಚ್ಚುವ ಕಾಲದಲ್ಲಿ ತುಳಿದು ನಡೆಯಬಾರದೆಂಬ ನಿಯಮ. ವ್ರತ ಹಿಡಿದವರು ಹೊತ್ತು ಮುಳುಗುವ ಮೊದಲೇ ಉಣ್ಣುತ್ತಾರೆ. ಅವರ ಗಡಿಯಾರ ಸೂರ್ಯನೇ. ವೇದಗಂಗೆ ದೂಧಗಂಗೆಗಳ ಸಂಗಮದ ಭೋಜ ಗ್ರಾಮದ ಒಕ್ಕಲು ಮನೆತನದವರಾದ ಆಚಾರ್ಯ ಶಾಂತಿಸಾಗರರ (ಜನನ 1872) ಬಗ್ಗೆ ಈ ಭಾಗದಲ್ಲಿ ಒಂದು ಮಾತು ಹೇಳುತ್ತಾರೆ: ಸಂಸಾರದಲ್ಲಿದ್ದಾಗ ಅವರು ಬೆಳೆ ಕಾಯಲು ಹೋದರೆ ಹಕ್ಕಿಗಳನ್ನು ಓಡಿಸುತ್ತಿರಲಿಲ್ಲವಂತೆ, ಬದಲಾಗಿ ಅವುಗಳಿಗೆ ನೀರು ಇಡುತ್ತಿದ್ದರಂತೆ. ಕಥೆಯಾದರೂ ಸರಿ, ಹೊಲವೆಂದರೆ ಮನುಷ್ಯನೊಬ್ಬನದೇ ಅಲ್ಲ ಎಂಬ ಭಾವನೆ ಈ ನೆಲದಲ್ಲಿ ಹೇಗೆ ಬೇರೂರಿತ್ತೆಂಬುದಕ್ಕೆ ಅದು ಸಾಕ್ಷಿ.

ಆ ಭಾವನೆಯನ್ನು ಕಣ್ಣಾರೆ ನೋಡಬೇಕಾದರೆ ಶೀಗಿ ಹುಣ್ಣಿಮೆ ಮತ್ತು ಎಳ್ಳಮಾವಾಸ್ಯೆಗಳಂದು ಹೊಲಕ್ಕೆ ಹೋಗಬೇಕು. ಆಶ್ವೀಜದ ಹುಣ್ಣಿಮೆಗೆ ಶೀಗಿ. ಮುಂಗಾರಿಯ ಪೈರು ಕೈಗೆ ಬರುವ ಹೊತ್ತು, ಹಿಂಗಾರಿಯ ಬಿತ್ತಿಗೆಯ ಹೊತ್ತು. ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು. ಮಾರ್ಗಶಿರದ ಕೊನೆಗೆ, ಡಿಸೆಂಬರ್ ಜನವರಿಯ ನಡುವೆ ಎಳ್ಳಮಾವಾಸ್ಯೆ. ಅಥಣಿ, ಕಾಗವಾಡ, ರಾಯಬಾಗದ ಎರೆಹೊಲಗಳಲ್ಲಿ ಬಿಳಿಜೋಳ ತೆನೆಗಟ್ಟಿ ನಿಂತಿರುತ್ತದೆ. ನಡುವೆ ಅಕ್ಕಡಿ ಸಾಲಿನಲ್ಲಿ ಕುಸುಬಿ, ಅಗಸಿ. ಪಕ್ಕದ ಹೊಲದಲ್ಲಿ ಕಡಲೆ, ಗೋದಿ. ಬೆಳಗಿನ ಇಬ್ಬನಿಗೆ ಕಡಲೆ ಗಿಡ ಹುಳಿ ಬಿಡುತ್ತದೆ. ಆ ಗಿಡದ ಮೇಲೆ ಕೈಯಾಡಿಸಿ ಬೆರಳು ನೆಕ್ಕಿದವನಿಗೇ ಅದರ ರುಚಿ ಗೊತ್ತು.

ಹಿಂದಿನ ದಿನದಿಂದಲೇ ಅಡಿಗೆಮನೆಯಲ್ಲಿ ದೀಪ ಆರುವುದಿಲ್ಲ. ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಕಡಕ್ ಜೋಳದ ರೊಟ್ಟಿ, ಶೇಂಗಾ ಹೋಳಿಗೆ, ಕುದಿಸಿದ ಕಡಬು, ಎಣ್ಣೆಗಾಯಿ, ಪುಂಡಿಪಲ್ಯ, ಮಡಿಕೆಕಾಳು, ಮೊಸರು, ಕೆನೆ, ನಾಲ್ಕು ತೆರನ ಹಿಂಡಿ. ಹೊಲದಲ್ಲಿ ಬನ್ನಿಯ ಗಿಡದ ಕೆಳಗೆ ಐದು ಕಲ್ಲು ಇಟ್ಟು ಸುಣ್ಣ ಬಳಿದರೆ ಅವೇ ಪಾಂಡವರು. ಪೂಜೆಯಾದ ಮೇಲೆ ಎಲ್ಲ ಅಡಿಗೆಯನ್ನೂ ಕಲಸಿ, ಮನೆಯ ಹಿರಿಯ ಹೊಲದ ನಾಲ್ಕೂ ಬದುವಿಗೆ ಹೋಗಿ ಕೂಗುತ್ತ ಎರಚುತ್ತಾನೆ. ಹಿಂದಿನವನು ನೀರು ಚಿಮುಕಿಸುತ್ತ ಹೋಗುತ್ತಾನೆ. ಇದೇ ಚರಗ ಚೆಲ್ಲುವುದು. ಹಕ್ಕಿಗೆ, ಇರುವೆಗೆ, ಇಲಿಗೆ, ಹುಳಕ್ಕೆ, ಕಾಣದ ಯಾವುದೋ ಜೀವಕ್ಕೆ ಮೊದಲ ತುತ್ತು. ಆಮೇಲೆ ಮನುಷ್ಯರ ಪಂಕ್ತಿ. ದಾರಿಯಲ್ಲಿ ಹೋಗುವವನನ್ನೂ ಕರೆದು ಕೂಡಿಸದಿದ್ದರೆ ಊಟ ಸೇರಿದ ಹಾಗಲ್ಲ.

ಇನ್ನೆರಡು ವಾರಕ್ಕೆ ಸಂಕ್ರಮಣ. ಹಿಂದಿನ ದಿನ ಭೋಗಿ. ಸಂಕ್ರಮಣಕ್ಕೆ ಹೊಳೆಯ ಸ್ನಾನ, ಮರಳಿನ ಮೇಲೆ ಬುತ್ತಿ ಬಿಚ್ಚುವುದು. ಕೆಲವರು ಯಡೂರಿನ ವೀರಭದ್ರನ ಸನ್ನಿಧಿಗೆ, ಕೆಲವರು ಪಂಚಗಂಗೆ ಕೃಷ್ಣೆಗಳು ಕೂಡುವ ನರಸೋಬಾವಾಡಿಗೆ, ಕೆಲವರು ಶಿಲಾಹಾರರ ಕಾಲದ ಖಿದ್ರಾಪುರದ ಕೋಪೇಶ್ವರನಿಗೆ ಹೋಗುತ್ತಿದ್ದರು. ಆ ಕಾಲಕ್ಕೇ ಜೋಳದ ತೆನೆ ಹಾಲುಗಾಳು ದಾಟಿ ಸೀತನಿಯ ಹದಕ್ಕೆ ಬಂದಿರುತ್ತದೆ. ಸಿಹಿಯಾದ ತೆನೆ, ಸೀತೆನೆ; ಬಾಯಿಂದ ಬಾಯಿಗೆ ಅದು ಸೀತನಿ. ಮರಾಠಿಗರು ಹುರಡಾ ಎನ್ನುತ್ತಾರೆ. ಕುಳ್ಳಿನ ಕೆಂಡದಲ್ಲಿ ತೆನೆ ಸುಟ್ಟು, ಬಿಸಿಬಿಸಿಯಾಗಿಯೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಮಕ್ಕಳ ಬೊಗಸೆಗೆ ಸುರಿಯುವುದು. ಬೆಲ್ಲ, ಶೇಂಗಾ ಹಿಂಡಿ, ಮೊಸರು ಜೊತೆಗೆ. ಈ ತಿನಿಸಿಗೆ ಹತ್ತು ಹನ್ನೆರಡು ದಿನಗಳ ಆಯುಷ್ಯ. ಮುಂದೆ ಕಾಳು ಗಟ್ಟಿಯಾಗುತ್ತದೆ. ಪೇಟೆಗೆ ಹೋಗಿ ಕೊಳ್ಳುವಂಥದಲ್ಲ, ಕೂಡಿಡುವಂಥದೂ ಅಲ್ಲ. ಹೊಲಕ್ಕೇ ಹೋಗಬೇಕು, ಆ ದಿನಗಳಲ್ಲೇ ಹೋಗಬೇಕು.

ಇಡೀ ಏರ್ಪಾಡಿನ ಗುಟ್ಟು ಇಲ್ಲಿದೆ. ದುಡಿಯುವ ಮನೆಯಲ್ಲಿ "ನಡೀರಿ, ಸುಮ್ಮನ ಹೊಲ ನೋಡಿ ಬರೂಣು" ಎಂದು ಯಾವ ಸೊಸೆಯೂ ಹೇಳಲಾರಳು. ಹೇಳಿದರೆ ಅತ್ತೆ ಕೇಳಲಾರಳು. ಆದರೆ ಪಂಚಾಂಗ ಹೇಳಿದರೆ ಮಾವನೂ ಚಕ್ಕಡಿ ಹೂಡಬೇಕು! ಸುಮ್ಮನಿರುವ ಹಕ್ಕನ್ನು, ನೋಡುವ ಹಕ್ಕನ್ನು ಹಬ್ಬವೆಂದು ಹೆಸರಿಟ್ಟು ಯಾರೂ ಕಸಿಯಲಾಗದಂತೆ ಮಾಡಿದ್ದು ನಮ್ಮ ಹಿರಿಯರ ಜಾಣತನ. ನಮ್ಮ ಸೀಮೆಯ ಹೆಂಗಸರು, ಮಕ್ಕಳು, ಮುದುಕರು ಋತುಗಳನ್ನು ಕಂಡದ್ದು ಈ ನೆಪದ ಕಿಟಕಿಯಿಂದ. ಶೇಡಬಾಳದ ಮಿರ್ಜಿ ಅಣ್ಣಾರಾಯರು ಈ ಸೀಮೆಯ ಒಕ್ಕಲು ಬದುಕನ್ನು ಕಾದಂಬರಿಯಾಗಿಸಿ ಅದಕ್ಕೆ 'ನಿಸರ್ಗ' ಎಂದೇ ಹೆಸರಿಟ್ಟರು. ಇಲ್ಲಿ ನಿಸರ್ಗವೆಂದರೆ ಮನೆಯ ಹೊರಗಿನ ಚಿತ್ರವಲ್ಲ, ಮನೆಯೂ ಅದರೊಳಗೇ ಇದೆ.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಅರ್ಧ ಚರಿತ್ರೆ. ಜೋಳದ ಹೊಲದ ಸೊಗಸಿನ ಜೊತೆಗೆ ಅದರ ಹಸಿವನ್ನೂ ಹೇಳಬೇಕು. ಮುಂಬಯಿ ಇಲಾಖೆಯ ಕಾಲದಲ್ಲಿ ಬೆಳಗಾವಿ ಜಿಲ್ಲೆಯ ಗೆಝೆಟಿಯರ್ 1884ರಲ್ಲಿ ಪ್ರಕಟವಾಯಿತು. ಅದಕ್ಕೆ ಕೆಲವೇ ವರ್ಷ ಮೊದಲು, 1876-78ರಲ್ಲಿ, ಭೀಕರ ಬರ ಈ ನಾಡನ್ನು ಬಡಿದಿತ್ತು. ನೂರು ವರ್ಷಕ್ಕೆ ಸ್ವಲ್ಪ ಮೊದಲೇ, 1972ರಲ್ಲಿ, ಮತ್ತೆ ಬರ. ಆಕಾಶವನ್ನೇ ನಂಬಿದ ಹೊಲ ಕೈಕೊಟ್ಟ ವರ್ಷ ಚರಗಕ್ಕೆ ಹಿಟ್ಟೆಲ್ಲಿಂದ ಬರಬೇಕು? ಹೊಳೆಯ ನೀರು ಕಣ್ಣೆದುರಿಗೆ ಹರಿದು ಹೋಗುತ್ತಿರುವಾಗ ಅದನ್ನು ದಂಡೆಗೆ ಎತ್ತಬೇಕೆಂಬ ಆಸೆ ರೈತನಿಗೆ ಬಂದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಎತ್ತಿದ್ದೂ ಆಯಿತು. ಮೊದಲು ಬಾವಿಗೆ ಕಪಲಿ ಇತ್ತು. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ ಕಬ್ಬಿಣದ ನೇಗಿಲು ಮಾಡಿದ ಕಿರ್ಲೋಸ್ಕರರು 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಮುಂದೆ ಎಣ್ಣೆಯ ಎಂಜಿನ್ನುಗಳು ಬಂದವು, ಆಮೇಲೆ ವಿದ್ಯುತ್ ಪಂಪುಗಳು. ಕೃಷ್ಣೆಯ ದಂಡೆಯ ಉಗಾರದಲ್ಲಿ 1939ರಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಸ್ವಾತಂತ್ರ್ಯದ ನಂತರ, ಅದರಲ್ಲೂ 1956ರಲ್ಲಿ ಈ ಭಾಗ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ ಬಳಿಕ, ಸಹಕಾರಿ ಕಾರ್ಖಾನೆಗಳು ಒಂದೊಂದಾಗಿ ತಲೆಯೆತ್ತಿದವು: ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ. ಗಡಿಯಾಚೆ ಶಿರೋಳದ ದತ್ತ. ದೂಧಗಂಗೆಗೆ ಕಾಳಮ್ಮವಾಡಿಯಲ್ಲಿ ಸುಮಾರು 25 ಟಿಎಂಸಿ ನೀರು ನಿಲ್ಲುವ ಅಣೆಕಟ್ಟು ಎದ್ದು, ಬೇಸಿಗೆಯಲ್ಲೂ ಹೊಳೆಯಲ್ಲಿ ನೀರು ಬಿಡುವಂತಾಯಿತು. ಹೊಳೆಯ ಸಾಲಿನ ಜೋಳ, ನೆಲಗಡಲೆ, ತಂಬಾಕುಗಳ ಜಾಗಕ್ಕೆ ಕಬ್ಬು ಬಂದು ನಿಂತಿತು. ಕಬ್ಬಿನ ಬಿಲ್ಲಿನಿಂದ ಮನೆಗಳು ಎದ್ದವು, ಹುಡುಗಿಯರು ಕಾಲೇಜು ಕಂಡರು, ಸಾಲಗಾರನ ಕಾಟ ಎಷ್ಟೋ ಮನೆಗಳಿಗೆ ತಪ್ಪಿತು. ಇದನ್ನು ಅಲ್ಲಗಳೆಯುವವನು ಹಸಿವನ್ನು ಕಂಡವನಲ್ಲ.

ಆದರೆ ಕಬ್ಬು ಸದ್ದಿಲ್ಲದೆ ಒಂದು ಬೆಲೆ ತೆಗೆದುಕೊಂಡಿತು. ಅದು ಹೊಲದ ಋತುಗಳನ್ನು ತೆಗೆದುಕೊಂಡಿತು. ಜೋಳದ ಹೊಲ ವರ್ಷದಲ್ಲಿ ಹಲವು ಸಲ ವೇಷ ಬದಲಿಸುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಕರಿನೆಲ, ಮಳೆಗೆ ಹಸಿ ವಾಸನೆಯ ಹರಗಿದ ಸಾಲು, ಮಾಗಿಗೆ ಮೊಣಕಾಲುದ್ದದ ಹಸಿರು, ಸಂಕ್ರಮಣಕ್ಕೆ ತೂಗುವ ತೆನೆ, ಶಿವರಾತ್ರಿಯ ಹೊತ್ತಿಗೆ ಬಣವೆ ಮತ್ತು ಬಯಲು. ಮುಂಗಾರಿನಲ್ಲಿ ನೆಟ್ಟ ಅಡಸಾಲಿ ಕಬ್ಬು ಹದಿನಾರು ಹದಿನೆಂಟು ತಿಂಗಳು ನಿಲ್ಲುತ್ತದೆ. ಕಡಿದ ಮೇಲೆ ಅದೇ ಬುಡದಿಂದ ಕುಳೆ ಏಳುತ್ತದೆ. ಒಂದು ವರ್ಷದ ಎಳ್ಳಮಾವಾಸ್ಯೆಗೆ ಅದು ಎದೆಯೆತ್ತರ, ಮುಂದಿನ ವರ್ಷದ ಎಳ್ಳಮಾವಾಸ್ಯೆಗೆ ಎರಡಾಳೆತ್ತರ. ಒಳಗೆ ಗಾಳಿ ಇಲ್ಲ, ದಾರಿ ಇಲ್ಲ, ಕೂಡಲು ನಾಲ್ಕು ಮೊಳ ನೆಲವಿಲ್ಲ. ಸೋಗೆ ಮೈಕೈ ಗೀರುತ್ತದೆ. ಜೋಳದ ಹೊಲದಲ್ಲಿ ನಿಂತರೆ ಮೂರು ಊರುಗಳ ಗುಡಿಯ ಶಿಖರ ಕಾಣುತ್ತಿತ್ತು. ಕಬ್ಬಿನ ಹೊಲದ ದಂಡೆಯಲ್ಲಿ ನಿಂತರೆ ಕಾಣುವುದು ಕಬ್ಬು. ಬದುವಿನ ಬನ್ನಿ, ಬೇವು, ಜಾಲಿಗಳೂ ನೆರಳು ಬೀಳುತ್ತದೆಂದು ಕಡಿದುಹೋದವು. ಜೋಕಾಲಿಗೆ ಟೊಂಗೆ ಇಲ್ಲ, ಪಾಂಡವರಿಗೆ ನೆರಳಿಲ್ಲ.

ಇನ್ನೊಂದು ಪೆಟ್ಟು ಕಾಲದ್ದು. ಕಾರ್ಖಾನೆಗಳು ನುರಿಸುವುದು ಅಕ್ಟೋಬರ್ ನವೆಂಬರಿನಿಂದ ಮಾರ್ಚಿನ ತನಕ. ಶೀಗಿಯಿಂದ ಶಿವರಾತ್ರಿಯವರೆಗಿನ ಈ ಅವಧಿಯೇ ಹಿಂದೆ ಹೊಲಕ್ಕೆ ಹೋಗಿ ಕೂಡುವ ಕಾಲವಾಗಿತ್ತು. ಈಗ ಅದು ಕಡಿಯುವ ಟೋಳಿಗಾಗಿ, ಟ್ರ್ಯಾಕ್ಟರಿಗಾಗಿ, ಸ್ಲಿಪ್ಪಿಗಾಗಿ ಕಾಯುವ ಕಾಲ. ಹೊಲದೊಡೆಯ ಫೋನು ಹಿಡಿದುಕೊಂಡು ರಸ್ತೆಯಲ್ಲಿ ನಿಂತಿರುತ್ತಾನೆ. ಮನೆಯವರು ಹಬ್ಬದ ಅಡಿಗೆಯನ್ನು ಮನೆಯಲ್ಲಿಯೇ ಉಂಡು ಮುಗಿಸುತ್ತಾರೆ. ಹಬ್ಬ ಉಳಿಯಿತು, ಹೊಲ ತಪ್ಪಿತು.

ಹಾಗಾದರೆ ಇಂದು ಮಾಗಿಯ ದಿನಗಳಲ್ಲಿ ಹೆಂಡಿರು ಮಕ್ಕಳೊಂದಿಗೆ ನಮ್ಮ ಹೊಲಗಳಲ್ಲಿ ಕೂತು ಉಣ್ಣುವವರು ಯಾರೂ ಇಲ್ಲವೇ? ಇದ್ದಾರೆ. ಬೀಡ ಜಿಲ್ಲೆಯಿಂದ, ವಿಜಯಪುರ ಕಲಬುರಗಿಗಳ ಕಡೆಯಿಂದ ಕಬ್ಬು ಕಡಿಯಲು ಬಂದ ಕುಟುಂಬಗಳು. ಸೋಗೆ, ತಾಡಪತ್ರಿಯ ಗುಡಿಸಲು ಹಾಕಿಕೊಂಡು, ಮೂರು ಕಲ್ಲಿನ ಒಲೆ ಹೂಡಿ, ನಸುಕಿನಲ್ಲಿ ರೊಟ್ಟಿ ಬಡಿದು, ಕೂಸನ್ನು ಸೋಗೆಯ ರಾಶಿಯ ಮೇಲೆ ಮಲಗಿಸಿ ಗಂಡ ಹೆಂಡತಿ ಇಬ್ಬರೂ ಕಬ್ಬಿನೊಳಗೆ ಇಳಿಯುತ್ತಾರೆ. ಇಬ್ಬನಿ ಅವರ ಮೈಮೇಲೆ ಬೀಳುತ್ತದೆ. ನಕ್ಷತ್ರ, ಹಕ್ಕಿ, ಮೂಡಣ ಗಾಳಿ ಎಲ್ಲವೂ ಅವರ ಪಾಲಿಗಿದೆ. ಆದರೆ ನೋಡುವ ಬಿಡುವಿಲ್ಲ. ಅವರ ಮಕ್ಕಳ ಶಾಲೆ ಅವರ ಊರಲ್ಲಿ ಉಳಿದಿದೆ. ಬಿಡುವುಳ್ಳವರು ಹೊಲ ಬಿಟ್ಟು ದೂರವಾದರು, ಹೊಲದೊಳಗಿದ್ದವರಿಗೆ ಬಿಡುವಿಲ್ಲ. ನಿಸರ್ಗವನ್ನು ಸವಿಯುವ ಮಾತು ಇಂದು ನಮ್ಮ ಸೀಮೆಯಲ್ಲಿ ಈ ಎರಡು ದಂಡೆಗಳ ನಡುವೆ ಸಿಕ್ಕಿಬಿದ್ದಿದೆ.

ಹೊಳೆಯೊಂದಿಗಿನ ನಂಟೂ ಬದಲಾಗಿದೆ. 2005, 2019, 2021ರ ಮಳೆಗಾಲಗಳಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ದಂಡೆ ಮೀರಿ ಊರೊಳಗೆ ಬಂದವು. ಜನ ದನಕರು ಹೊಡೆದುಕೊಂಡು ಗಂಜಿಕೇಂದ್ರಗಳಿಗೆ ಹೋದರು. ಉಡಿ ತುಂಬಿಸಿಕೊಳ್ಳುತ್ತಿದ್ದ ಹೊಳೆ ಮನೆಯ ಉಡಿಯನ್ನೇ ಬರಿದು ಮಾಡಿತು. ಇಂದಿನ ಮಕ್ಕಳಿಗೆ ತುಂಬಿದ ಹೊಳೆಯೆಂದರೆ ಸೇತುವೆ ಮುಳುಗಿದ ಸುದ್ದಿ, ಅಣೆಕಟ್ಟಿನಿಂದ ಬಿಟ್ಟ ಕ್ಯೂಸೆಕ್ಸಿನ ಲೆಕ್ಕ. ಆದರೂ ನೀರು ಇಳಿದ ಮೇಲೆ ಹೆಂಗಸರು ಕುಬುಸದ ಖಣ ಹಿಡಿದು ಹೊಳೆಗೆ ಹೋಗುವುದು ನಿಂತಿಲ್ಲ. ಮುನಿಸಿಕೊಂಡ ಮಗಳನ್ನು ಒಲಿಸುವ ಹಾಗೆ.

ಚರಿತ್ರೆಯನ್ನು ಹಿಂದಕ್ಕೆ ತಿರುಗಿಸಲು ಬರುವುದಿಲ್ಲ. ಕಬ್ಬು ಕಿತ್ತು ಜೋಳ ಬಿತ್ತಿರೆಂದು ಹೇಳುವ ಅಧಿಕಾರ ಕಬ್ಬಿನ ಬಿಲ್ಲಿನಿಂದ ಓದಿದವರಾರಿಗೂ ಇಲ್ಲ. ಆದರೆ ಹಿರಿಯರ ಏರ್ಪಾಡಿನಲ್ಲಿ ನೆಲಕ್ಕಿಂತ ನೆಪ ದೊಡ್ಡದಾಗಿತ್ತು. ನೆಪಕ್ಕೆ ಹತ್ತು ಗುಂಟೆ ಸಾಕು. ಕೆಲವು ಮನೆಗಳವರು ಇಂದಿಗೂ ಕಬ್ಬಿನ ಮಗ್ಗುಲಲ್ಲಿ ದನದ ಮೇವಿಗೆಂದು ನಾಲ್ಕು ಸಾಲು ಜೋಳ ಹಾಕುತ್ತಾರೆ. ಮೇವು ದನಕ್ಕೆ, ಸೀತನಿ ಮಕ್ಕಳಿಗೆ. ಅಂಥ ನಾಲ್ಕು ಸಾಲು ಇದ್ದಲ್ಲಿ ಪಾಂಡವರಿಗೂ ಜಾಗವಾಗುತ್ತದೆ. ಒಂದು ಬೇವಿನ ಗಿಡ ಉಳಿಸಿಕೊಂಡರೆ ಪಂಚಮಿಯ ಹಗ್ಗಕ್ಕೂ ಟೊಂಗೆಯಾಗುತ್ತದೆ. ಬೆಂಗಳೂರು, ಪುಣೆಗಳಿಂದ ರಜೆಗೆ ಬಂದ ಮೊಮ್ಮಕ್ಕಳಿಗೆ ಗೂಡಂಗಡಿಯ ಪೊಟ್ಟಣದ ಬದಲು ಕೆಂಡದಲ್ಲಿ ಸುಟ್ಟ ತೆನೆ ಕೊಟ್ಟು ನೋಡಬೇಕು. ಅಂಗೈ ಸುಟ್ಟುಕೊಂಡು ಉಬ್ಬಸ ಬಿಡುತ್ತ ತಿಂದ ಮಗು ಜನವರಿ ತಿಂಗಳನ್ನು ಮರೆಯುವುದಿಲ್ಲ.

ಮತ್ತೆ ಚರಗದ ನಿಯಮವೊಂದಿದೆ. ಅದನ್ನು ಒಂದೇ ದಿಕ್ಕಿಗೆ ಚೆಲ್ಲುವಂತಿಲ್ಲ. ನಾಲ್ಕೂ ಬದುವಿಗೆ ಹೋಗಲೇಬೇಕು. ಈಗ ಆ ನಾಲ್ಕರಲ್ಲಿ ಒಂದು ಬದುವಿನ ಮೇಲೆ ಟೋಳಿಯವರ ಗುಡಿಸಲಿರುತ್ತದೆ. ಕಡಬಿನ ಬುಟ್ಟಿ ಅಲ್ಲಿಗೂ ಹೋಗಬೇಕು. ಗುಡಿಸಲಿನ ಕೂಸು ಹೋಳಿಗೆ ಕಚ್ಚುವಾಗ ಅದರ ತಾಯಿ ಕುಡಗೋಲು ಕೆಳಗಿಟ್ಟು ಒಂದರೆಗಳಿಗೆ ನೆರಳಿಗೆ ಕೂತರೆ, ಅಷ್ಟರ ಮಟ್ಟಿಗೆ ಅವಳಿಗೂ ಅಂದು ಹೊಲಕ್ಕೆ ಬಂದ ದಿನವಾಗುತ್ತದೆ.